ನಿಮ್ಮ ಮನೆಯ ಅಟ್ಟದಿಂದಲೇ ಬರೆಯಿರಿ

ಪ್ರಿಯ ಬರಹಗಾರರೇ,

ತಿಪಟೂರಿಗೆ ಹತ್ತಿರದ ನಿಮ್ಮ ಊರಿನಲ್ಲಿ ಮನೆಮನೆಗೆ ಹೋಗಿ ಕಾಯಿ ಸುಲಿದು, ಕೊಬ್ಬರಿ ಒಡೆದುಕೊಡುತ್ತಿದ್ದ ಹಿರಿಯರೊಬ್ಬರು ತೀರಿಕೊಂಡ ಮೇಲೆ ನೀವು ಬರೆದು ಕಳುಹಿಸಿದ ನೆನಪಿನ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಕಳುಹಿಸಿ ಮುಗಿಸಲು ಮನಸ್ಸಾಗಲಿಲ್ಲ. ಈ ಲೇಖನದೊಳಗೆ ಇನ್ನೊಂದು ಲೇಖನ ಅಡಗಿ ಕೂತಿದೆ, ನನಗೆ ಅದು ಬೇಕು.

ಮೊದಲು ಬೇಡದ್ದರ ಮಾತು. ಆರಂಭದ ಎರಡು ಪುಟಗಳಲ್ಲಿ ಅವರು ಅಜಾತಶತ್ರು, ಸರಳಜೀವಿ, ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಬೇಕಾದವರು. ಅವರ ಅಗಲಿಕೆಯಿಂದ ಊರು ಬಡವಾಗಿದೆ. ಹೆಸರೊಂದನ್ನು ಬದಲಿಸಿದರೆ ಈ ಪುಟಗಳು ನಿವೃತ್ತ ಪೋಸ್ಟ್‌ಮಾಸ್ಟರಿಗೂ ಸಲ್ಲುತ್ತವೆ, ಸಹಕಾರ ಸಂಘದ ಮಾಜಿ ಅಧ್ಯಕ್ಷರಿಗೂ ಸಲ್ಲುತ್ತವೆ. ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಹಿಡಿದವರು ಇಂಥ ಮಾತನ್ನು ಆಡಲೇಬೇಕು, ಮನೆಯವರು ಎದುರಿಗೇ ಕೂತಿರುತ್ತಾರೆ. ಓದುಗ ಅವರನ್ನು ಕಂಡವನಲ್ಲ. ನಿಮ್ಮ ಪ್ರೀತಿಯನ್ನು ಅವನು ಅನುಮಾನಿಸುವುದಿಲ್ಲ, ಆದರೆ ಅದು ಅವನಿಗೆ ಹತ್ತುವುದೂ ಇಲ್ಲ.

ಮೂರನೆಯ ಪುಟದಲ್ಲಿ, ಬೇರೇನೋ ಹೇಳುವ ನಡುವೆ, ಒಂದು ವಾಕ್ಯ ಬರೆದಿದ್ದೀರಿ: ಅವರು ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು. ಅಷ್ಟು ಹೇಳಿ ಮತ್ತೆ ಸರಳತೆಗೆ ಹಾರಿದ್ದೀರಿ. ನಾನು ಅಲ್ಲೇ ನಿಂತೆ. ಏನನ್ನು ಕೇಳುತ್ತಿದ್ದರು? ನಿಮ್ಮ ಸೀಮೆಯವರಿಗೆ ಗೊತ್ತು, ಬೀದರಿನ ಓದುಗನಿಗೆ ಗೊತ್ತಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪನ್ನು ಬಿಟ್ಟು ಗಡಗಡ ಉರುಳುತ್ತದೆ. ಆ ಸದ್ದು ಬಂದ ಮೇಲೆ ಹದವಾಗಿ ಒಡೆದರೆ ಇಡೀ ಉಂಡೆ ಕೊಬ್ಬರಿ, ಅವಸರಪಟ್ಟರೆ ಬರೀ ಚೂರು. ಉಂಡೆಯ ಬೆಲೆ ಚೂರಿಗೆ ಸಿಗುವುದಿಲ್ಲ. ಒಂದು ಮನೆಯ ವರ್ಷದ ವರಮಾನ ಅವರ ಕಿವಿಯನ್ನೂ ಮಚ್ಚಿನ ಪೆಟ್ಟನ್ನೂ ನೆಚ್ಚಿಕೊಂಡಿತ್ತು. ಊರು ಅವರನ್ನು ನಂಬಿದ್ದಕ್ಕೆ ನಗುಮೊಗಕ್ಕಿಂತ ಇದು ಗಟ್ಟಿ ಸಾಕ್ಷಿ.

ಇನ್ನೂ ಮುಂದೆ ಹೋಗಿ. ನಿಮ್ಮ ಕಡೆ ಅಟ್ಟವೆಂದರೆ ಉಳಿತಾಯ ಖಾತೆ. ಮಗಳ ಮದುವೆ, ಕಾಲೇಜಿನ ಶುಲ್ಕ, ಆಸ್ಪತ್ರೆ, ಎಲ್ಲಕ್ಕೂ ಅಲ್ಲಿಂದಲೇ ಇಳಿಯಬೇಕು. ಹದ ಬರುವ ಮುಂಚೆಯೇ ಯಾರಾದರೂ ಕಾಯಿ ಒಡೆಯಲು ಕರೆದರೆ ಆ ಮನೆಯಲ್ಲಿ ಏನೋ ಆಗಿದೆ ಎಂಬುದು ಹೊರಗಿನವರಲ್ಲಿ ಮೊದಲು ತಿಳಿಯುತ್ತಿದ್ದುದು ಅವರಿಗೆ. ‘ಒಂದು ಅಟ್ಟದ ಸುದ್ದಿಯನ್ನು ಅವರು ಇನ್ನೊಂದು ಅಟ್ಟಕ್ಕೆ ಒಯ್ಯಲಿಲ್ಲ’ ಎಂದು ನೀವು ಬರೆದಿದ್ದೀರಿ. ಇಡೀ ಲೇಖನದ ಅತ್ಯುತ್ತಮ ಸಾಲು ಅದು. ಅದನ್ನು ಆವರಣದೊಳಗೆ ಯಾಕೆ ಹಾಕಿದಿರೋ ಕಾಣೆ. ಎಲ್ಲರೊಡನೆ ಹರಟೆ ಹೊಡೆಯುತ್ತಿದ್ದ, ಬಾಯಿ ತುಂಬ ಮಾತಿದ್ದ ಮನುಷ್ಯ ಇದೊಂದು ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ ಎಂದರೆ ನನಗೆ ಆತ ಕಾಣತೊಡಗುತ್ತಾನೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು ಎಂದು ಒಂದು ಪ್ಯಾರಾ ಸೇರಿಸಿದ್ದೀರಿ. ಸರಿಯೇ, ಆದರೆ ಅದು ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂತಿದೆ. ಬೆಲೆ ಏರಲಿ ಎಂದು ಜನ ಅಟ್ಟ ಮುಟ್ಟದೆ ಕೂತಿದ್ದರೆ ಅವರಿಗೆ ಕೂಲಿ ಎಲ್ಲಿಂದ ಬಂತು? ಬಹಳ ದಿನ ಬಿಟ್ಟು ಕೌಟು ಹಿಡಿದ ಕೊಬ್ಬರಿಯನ್ನು ಒಡೆದು ತೋರಿಸಿದಾಗ ಅವರು ಏನೆನ್ನುತ್ತಿದ್ದರು? ನುಸಿ ಪೀಡೆಯ ಕತೆಯೂ ಹೀಗೆಯೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಿಮ್ಮ ತೋಟಗಳಿಗೂ ಬಂದ ಆ ನುಸಿಯಿಂದ ಕಾಯಿ ಸಣ್ಣದಾಗುವುದಷ್ಟೇ ಅಲ್ಲ, ಸಿಪ್ಪೆ ಬಿರುಸಾಗಿ ಸುಲಿಯುವುದೇ ಕಷ್ಟವಾಗುತ್ತದೆ. ನೀವು ‘ದುಡಿಮೆಯ ಗುರುತು’ ಎಂದು ಕರೆದ ಅವರ ಅಂಗೈಯ ಗಾಯಗಳಲ್ಲಿ ಆ ವರ್ಷಗಳವು ಎಷ್ಟು? ಅವರ ಮನೆಯವರನ್ನು ಕೇಳಿ.

ಒಂದು ಜಗಳವೂ ಇದೆ ನನ್ನದು. ಅವರಿಗೆ ಶತ್ರುಗಳೇ ಇರಲಿಲ್ಲ ಎಂದು ಎರಡು ಕಡೆ ಹೇಳಿ, ನಾಲ್ಕನೆಯ ಪುಟದಲ್ಲಿ ‘ಒಂದು ಮನೆಯ ಹೊಸ್ತಿಲನ್ನು ಅವರು ಬಹಳ ಕಾಲ ತುಳಿಯಲಿಲ್ಲ’ ಎಂದು ದಾಟಿಸಿಬಿಟ್ಟಿದ್ದೀರಿ. ಕಾರಣ ಗೊತ್ತಿದ್ದರೆ ಬರೆಯಬಹುದೇ ಎಂದು ಯೋಚಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಆದರೆ ಆ ಸಾಲನ್ನು ಅಳಿಸಬೇಡಿ. ಮುನಿಸಿಕೊಳ್ಳಲು ಬಾರದವರ ಸ್ನೇಹಕ್ಕೆ ಬೆಲೆ ಕಟ್ಟುವುದು ಕಷ್ಟ.

ಇನ್ನು ನನ್ನನ್ನು ನಿಜವಾಗಿ ಕಾಡಿದ್ದು. ಯಾವ ಮನೆಯವರು ಯಾವ ಸಂಕಟಕ್ಕೆ ಅಟ್ಟ ಖಾಲಿ ಮಾಡಿದರು ಎಂಬ ಮೂರು ಪ್ರಸಂಗಗಳನ್ನು ಮನೆತನದ ಹೆಸರು ಸಮೇತ ಹಾಕಿದ್ದೀರಿ. ಅವರು ಬದುಕಿರುವಷ್ಟು ಕಾಲ ಹೊರಗೆ ಬಿಡದಿದ್ದ ಸಂಗತಿಗಳನ್ನು ಅವರ ನೆನಪಿನ ಲೇಖನದಲ್ಲೇ ಊರಿಗೆ ಹಂಚುವುದೇ? ಮೂರನ್ನೂ ತೆಗೆಯಿರಿ. ನಿಮ್ಮ ತಂದೆ ಕಾಯಿಲೆ ಬಿದ್ದ ವರ್ಷ ನಿಮ್ಮ ಮನೆಯಲ್ಲೂ ಹದ ಬರುವ ಮುಂಚೆ ಕಾಯಿ ಒಡೆಸಿದ್ದರು ಎಂದು ಅರ್ಧ ಸಾಲಿನಲ್ಲಿ ಹೇಳಿದ್ದೀರಲ್ಲ, ಬರೆಯಲು ನಿಮಗೆ ಹಕ್ಕಿರುವುದು ಅದೊಂದನ್ನೇ. ಅಂದು ಅವರು ಎಷ್ಟು ಹೊತ್ತಿಗೆ ಬಂದರು, ಯಾರು ಕರೆದದ್ದು, ಹಸಿ ಕಾಯಿ ಕೈಗೆ ಬಂದಾಗ ಮುಖ ಹೇಗಿತ್ತು, ಕೂಲಿ ತೆಗೆದುಕೊಂಡರೇ. ತೆಗೆದುಕೊಂಡಿದ್ದರೆ ಹಾಗೆಯೇ ಬರೆಯಿರಿ, ಅವರನ್ನು ದೇವರು ಮಾಡಲು ಸುಳ್ಳು ಸೇರಿಸಬೇಡಿ. ಮಾತನ್ನು ಅವರು ಆಡುತ್ತಿದ್ದ ಹಾಗೆಯೇ ಇಡಿ. ನಿಮ್ಮ ಕರಡಿನಲ್ಲಿ ಅವರು ಆಕಾಶವಾಣಿಯ ವಾರ್ತೆ ಓದುತ್ತಿದ್ದಾರೆ.

ಎರಡು ಸಾವಿರ ಪದಗಳನ್ನು ಒಂಬೈನೂರಕ್ಕೆ ಇಳಿಸಿ. ಕೊನೆಯಲ್ಲಿರುವ ಕವಿತೆ ಬೇಡ, ಹಾರ ಹಾಕಿದ ಫೋಟೋ ಬೇಡ. ಮಚ್ಚು ಹಿಡಿದು ಕೆಲಸ ಮಾಡುತ್ತಿರುವ ಚಿತ್ರವಿದ್ದರೆ ಅವರ ಮನೆಯವರ ಒಪ್ಪಿಗೆ ಪಡೆದು ಕಳುಹಿಸಿ. ಅವಸರವೇನೂ ಇಲ್ಲ, ಆದರೆ ಬರೆದದ್ದನ್ನು ನನಗಿಂತ ಮೊದಲು ನಿಮ್ಮ ತಾಯಿಗೆ ಓದಿ ಹೇಳಿ. ಆ ವರ್ಷದ ಲೆಕ್ಕ ಅವರಿಗೆ ನೆನಪಿರುತ್ತದೆ.

ಇಂತು,
ಸಂಪಾದಕ