ಕೊರಳಲ್ಲಿರುವ ಟ್ಯಾಗ್ ಅಂತರವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಕೆಲಸ ಮಾಡುವ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಹತ್ತಿರ ಬಂದರೆ ಎಚ್ಚರಿಸಲೆಂದು ಎಲ್ಲರ ಕೊರಳಿಗೂ ಬ್ಲೂಟೂತ್ ಟ್ಯಾಗ್ ಹಾಕಿದ್ದಾರೆ. ವಾಹನ ದೂರವಿದ್ದಾಗ ಅದು ಬೀಪ್ ಎನ್ನುತ್ತದೆ, ಬೆನ್ನ ಹಿಂದೆಯೇ ಬಂದಾಗ ಕೆಲವೊಮ್ಮೆ ಸುಮ್ಮನಿರುತ್ತದೆ. ಇದನ್ನು ನಂಬಬಹುದೇ? ನಾವು ಎಲ್ಲೆಲ್ಲಿ ಓಡಾಡಿದೆವೆಂಬುದೂ ದಾಖಲಾಗುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಇಂಥ ಬ್ಲೂಟೂತ್ ಟ್ಯಾಗ್‌ಗಳು ಸಾಮಾನ್ಯವಾಗಿ ದೂರವನ್ನು ನೇರವಾಗಿ ಅಳೆಯುವುದಿಲ್ಲ, ಬಂದು ತಲುಪಿದ ಸಂಕೇತದ ಪ್ರಬಲತೆಯಿಂದ ಅಂದಾಜು ಮಾಡುತ್ತವೆ. 2.4 ಗಿಗಾಹರ್ಟ್ಸ್‌ನ ಈ ಅಲೆಗಳನ್ನು ನೀರಿನಂಶ ಹೆಚ್ಚಿರುವ ನಮ್ಮ ದೇಹ ಹೀರಿಕೊಳ್ಳುವುದರಿಂದ, ಟ್ಯಾಗ್ ಎದೆಯ ಮೇಲಿದ್ದು ವಾಹನ ಬೆನ್ನ ಹಿಂದಿದ್ದರೆ ಸಂಕೇತ ಕುಂದಿ, ಹತ್ತಿರದ ವಾಹನವೂ ದೂರವಿರುವಂತೆ ತೋರುತ್ತದೆ. ಕಬ್ಬಿಣದ ರ‍್ಯಾಕ್‌ಗಳಿಗೆ ಬಡಿದು ಮರಳುವ ಅಲೆಗಳು ಒಂದಕ್ಕೊಂದು ಕೂಡಿಕೊಂಡ ಕಡೆ ಇದಕ್ಕೆ ತದ್ವಿರುದ್ಧವಾಗುತ್ತದೆ. ಕೋವಿಡ್ ಕಾಲದಲ್ಲಿ ಆರು ಅಡಿ ಅಂತರ ಕಾಯಲು ಬಂದ ಬ್ಲೂಟೂತ್ ಸಾಧನಗಳಿಗೂ ಇದೇ ತೊಡಕಿತ್ತು.

ಇನ್ನೊಂದು ಬಗೆಯ ಟ್ಯಾಗ್‌ಗಳಿವೆ: ಅಗಲವಾದ ತರಂಗಪಟ್ಟಿಯಲ್ಲಿ ಕಿರು ಸ್ಪಂದನಗಳನ್ನು ಕಳುಹಿಸುವ ಅಲ್ಟ್ರಾ ವೈಡ್‌ಬ್ಯಾಂಡ್ ಟ್ಯಾಗ್‌ಗಳು. ಇವು ಸಮಯವನ್ನು ಅಳೆಯುತ್ತವೆ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕಳುಹಿಸಿದ ಕಿರು ಸ್ಪಂದನಕ್ಕೆ ಎದುರಿನ ಸಾಧನದಿಂದ ಮರುತ್ತರ ಬರಲು ಹಿಡಿದ ಹೊತ್ತಿನಲ್ಲಿ ಆ ಸಾಧನ ಉತ್ತರಿಸಲು ತೆಗೆದುಕೊಂಡ ಸಮಯವನ್ನು ಕಳೆದು, ಉಳಿದುದನ್ನು ಅರ್ಧ ಮಾಡಿ ಅಲೆಯ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಅಡೆತಡೆಯಿಲ್ಲದ ಕಡೆ ಇದರ ತಪ್ಪು ಸುಮಾರು 10 ಸೆಂಟಿಮೀಟರಿಗೆ ಇಳಿಯುತ್ತದೆ. ದೇಹ ಅಡ್ಡ ಬಂದರೆ ಇದಕ್ಕೂ ತೊಂದರೆಯುಂಟು, ಆದರೆ ನೇರವಾಗಿ ಬಂದ ಅಲೆಯನ್ನು ಪ್ರತಿಫಲಿಸಿದ ಅಲೆಯಿಂದ ಬೇರ್ಪಡಿಸಲು ಇದು ಬಹಳ ಸಮರ್ಥ.

ಹಾಗಾಗಿ ಈಗಿನ ಟ್ಯಾಗನ್ನು ನೆಚ್ಚಿಕೊಂಡು ನಡೆಯಬೇಡಿ. ಜನ ನಡೆಯುವ ದಾರಿಯನ್ನೂ ವಾಹನದ ದಾರಿಯನ್ನೂ ತಡೆಗಂಬಿ ಹಾಕಿ ಬೇರ್ಪಡಿಸುವುದೇ ಮೊದಲ ರಕ್ಷಣೆ, ಅದನ್ನು ಕೇಳುವ ಹಕ್ಕು ನಿಮಗಿದೆ. ಎಚ್ಚರಿಕೆಯ ದೂರವನ್ನು ನಿಗದಿ ಮಾಡುವಾಗಲೂ ಸರಕು ಹೊತ್ತ ವಾಹನ ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಸಾಗಿ ನಿಲ್ಲುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ದಾಖಲೆಯ ವಿಷಯ. ಟ್ಯಾಗ್‌ಗಳಿಗೆ ತಾವಾಗಿ ತಿಳಿಯುವುದು ಯಾವ ಸಾಧನ ಯಾವಾಗ ಹತ್ತಿರ ಬಂತೆಂಬುದಷ್ಟೇ. ಗೋಡೆ ಅಥವಾ ಚಾವಣಿಗೆ ಸಂಕೇತ ಹಿಡಿಯುವ ಗ್ರಾಹಕಗಳನ್ನು ಅಳವಡಿಸಿದ್ದರೆ ನೀವಿದ್ದ ಜಾಗವೂ ತಿಳಿಯುತ್ತದೆ. ಸಿಂಗಪುರದಲ್ಲಿ ಕೋವಿಡ್ ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಎಂದು ಹೇಳಿ ಜನರಿಗೆ ಕೊಟ್ಟಿದ್ದ ಟ್ರೇಸ್‌ಟುಗೆದರ್ ಸಾಧನದ ಮಾಹಿತಿಯನ್ನು ಅಪರಾಧ ತನಿಖೆಗೆ ಪೊಲೀಸರೂ ಪಡೆಯಬಹುದೆಂಬುದು 2021ರ ಜನವರಿಯಲ್ಲಿ ಹೊರಬಂತು. ಜನ ಅಸಮಾಧಾನಗೊಂಡ ಬಳಿಕವೇ ಅದನ್ನು ಏಳು ಬಗೆಯ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಿದ ಕಾನೂನು ಬಂತು. ಆದ್ದರಿಂದ ಏನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಹಾಜರಿ ಅಥವಾ ಸಂಬಳದ ಲೆಕ್ಕಕ್ಕೆ ಬಳಕೆಯಾಗುತ್ತದೆಯೇ ಎಂಬುದನ್ನು ಆಡಳಿತ ವರ್ಗದಿಂದ ಈಗಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.