ಅರ್ಧಕ್ಕೇ ಬಿಟ್ಟ ಓದಿನ ಕೊರಗು

ನಿಮಗೀಗ 64. ಮನೆಯ ಜವಾಬ್ದಾರಿಗಾಗಿ ಓದು ಬಿಟ್ಟದ್ದು ತಪ್ಪಾಯಿತೇನೋ ಎಂದು ಕೇಳಿದ್ದೀರಿ. ಈ ಕೊರಗು ನಿಮ್ಮೊಬ್ಬರದೇ ಅಲ್ಲ. ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು. ಹೊಸದರಲ್ಲಿ ನಾವು ಮಾಡಿದ ತಪ್ಪು ಚುಚ್ಚುತ್ತದೆ. ವರ್ಷಗಳು ಕಳೆದಂತೆ ಮಾಡದೇ ಬಿಟ್ಟದ್ದೇ ಜಾಸ್ತಿ ಕಾಡುತ್ತದೆ. ಮಾಡಿದ್ದರ ಫಲ ಕಣ್ಣೆದುರಿಗೇ ಇರುತ್ತದೆ, ಹೇಗೋ ಸರಿಪಡಿಸಿಕೊಳ್ಳುತ್ತೇವೆ. ಮಾಡದ್ದಕ್ಕೆ ಕೊನೆಯೇ ಇಲ್ಲ, ಮನಸ್ಸಿನಲ್ಲಿ ಚೆಂದವಾಗಿ ಬೆಳೆಯುತ್ತಲೇ ಇರುತ್ತದೆ.

ಅವತ್ತು ನಿಮ್ಮನ್ನು ತಡೆದ ಭಯ, ಹಣದ ಚಿಂತೆ ಈಗ ಸಣ್ಣದಾಗಿ ಕಾಣಬಹುದು. ಅವತ್ತು ಹಾಗಿರಲಿಲ್ಲ, ಅಲ್ವಾ? ಇಪ್ಪತ್ತರ ಹರೆಯದ ನಿಮ್ಮನ್ನು ದಯವಿಟ್ಟು ಇಷ್ಟು ಬೈಯಬೇಡಿ. ನಾನೂ ಹಾಗೆ ಬೈದುಕೊಂಡೇ ಬಹಳ ವರ್ಷ ಕಳೆದೆ. ಆಸೆ ಇನ್ನೂ ಇದ್ದರೆ, ಬಿಟ್ಟ ವಿಷಯದ ಒಂದು ಪುಸ್ತಕವನ್ನು ಈ ವಾರವೇ ತೆರೆಯಿರಿ.