ವಿಂಡೋಸ್‌ನಲ್ಲಿ ಓಡುವ ಎಂಜಿನ್‌ಎಕ್ಸ್ ವೆಬ್ ಸರ್ವರ್, ಲಿನಕ್ಸ್‌ನಲ್ಲಿ 80ನೇ ಪೋರ್ಟ್‌ಗೆ ಅನುಮತಿ ಇಲ್ಲ ಎನ್ನುವುದೇಕೆ?

ಕಾನ್ಫಿಗರೇಶನ್ ಫೈಲನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರಬೇಡಿ, ತೊಡಕು ಅಲ್ಲಿಲ್ಲ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು (ನೆಟ್‌ವರ್ಕ್ ಸಂಪರ್ಕಕ್ಕಿರುವ, ಸಂಖ್ಯೆ ಹೊತ್ತ ಬಾಗಿಲುಗಳನ್ನು) ಸಾಮಾನ್ಯ ಬಳಕೆದಾರರು ತೆರೆಯುವಂತಿಲ್ಲ. ಯುನಿಕ್ಸ್ ಕಾಲದಿಂದ ಬಂದ ಕಟ್ಟುಪಾಡು ಇದು. ವಿಂಡೋಸ್‌ನಲ್ಲಿ ಹೀಗಿಲ್ಲ, ಅಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಂಥ ಇನ್ನೊಂದು ಸೇವೆ ಮೊದಲೇ 80ನ್ನು ಹಿಡಿದು ಕೂತಿರುವುದೇ ಸಾಮಾನ್ಯ ತೊಂದರೆ.

ಹಾಗಂತ ನಿಮ್ಮ ಆ್ಯಪನ್ನೂ ಸೇರಿಸಿ ಎಲ್ಲವನ್ನೂ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಲು ದಯವಿಟ್ಟು ಹೋಗಬೇಡಿ. ಎಂಜಿನ್‌ಎಕ್ಸನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮೂಲಕ ಸೇವೆಯಾಗಿ ಶುರು ಮಾಡಿ. ಆಗ ಮಾಸ್ಟರ್ ಪ್ರೊಸೆಸ್ ಮಾತ್ರ ರೂಟ್ ಆಗಿದ್ದು ಪೋರ್ಟ್ ತೆರೆಯುತ್ತದೆ. ಹೊರಗಿನಿಂದ ಬರುವ ಕೋರಿಕೆಗಳನ್ನು ನೋಡಿಕೊಳ್ಳುವ ವರ್ಕರ್‌ಗಳು ಅಧಿಕಾರವಿಲ್ಲದ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ. ವರ್ಕರ್‌ನಲ್ಲಿ ದೋಷವಿದ್ದು ಯಾರಾದರೂ ನುಸುಳಿದರೂ ಇಡೀ ಯಂತ್ರ ಅವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಇದು ನಿಜಕ್ಕೂ ಅಚ್ಚುಕಟ್ಟಾದ ವಿನ್ಯಾಸ.

ಇದರ ಬೆನ್ನಿಗೇ 403 ದೋಷ (ಪ್ರವೇಶ ನಿರಾಕರಣೆ) ಬರಬಹುದು. ನಿಮ್ಮ ವೆಬ್ ಫೋಲ್ಡರನ್ನು ಓದಲು ಆ ವರ್ಕರ್ ಬಳಕೆದಾರನಿಗೆ ಅನುಮತಿ ಇದೆಯೇ ಎಂದು ನೋಡಿ. ಅದನ್ನು ಒಳಗೊಂಡ ಮೇಲಿನ ಪ್ರತಿ ಫೋಲ್ಡರ್‌ಗೂ ಪ್ರವೇಶದ ಅನುಮತಿ ಬೇಕು.

ಅಂದಹಾಗೆ, ವಿಂಡೋಸ್‌ನ ಎಂಜಿನ್‌ಎಕ್ಸ್‌ನಲ್ಲಿ ಎಷ್ಟೇ ವರ್ಕರ್‌ಗಳನ್ನು ಇಟ್ಟರೂ ಕೆಲಸ ಮಾಡುವುದು ಒಂದೇ. ಕಲಿಕೆಗೆ ಅದು ಸಾಕು, ಜನ ಬರುವ ಜಾಲತಾಣಕ್ಕೆ ಲಿನಕ್ಸ್ ಆರಿಸಿಕೊಳ್ಳಿ.